ಎರಡು ಅಂಗಡಿ, ಒಂದೇ ವ್ಯಾನು

ಅಮ್ಮನಿಗೆ ಸಕ್ಕರೆ ಕಾಯಿಲೆ ಬಲವಾದಾಗ ನಾವು ಲಾಯಿಲದಲ್ಲಿದ್ದೆವು. ನಾನು ಬೆಳ್ತಂಗಡಿಯ ಶಾಲೆಯೊಂದರಲ್ಲಿ ಮಾಸ್ತರ. ಜೊತೆಗೆ ಮಂಗಳೂರಿನ ಒಂದು ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತಿದ್ದೆ. ಇನ್ಸುಲಿನ್ ತಪ್ಪಿದರೆ ಅಮ್ಮ ಉಳಿಯುವುದಿಲ್ಲವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಮದ್ದು ನಮ್ಮ ಪೇಟೆಯಲ್ಲಿ ಸಿಗುತ್ತಿರಲಿಲ್ಲ.

ಬಂಟ್ವಾಳದ ಮದ್ದಿನಂಗಡಿಯ ಸಾಹೇಬರು ಅದನ್ನು ಮಂಗಳೂರಿನಿಂದ ತರಿಸಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದರು. ಮನೆಯಲ್ಲಿ ಸೀಸೆಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ಇಡುತ್ತಿದ್ದೆವು. ಮಡಂತ್ಯಾರಿನಲ್ಲಿ ಬಸ್ಸು ಕೆಟ್ಟು ನಿಂತರೆ ಐಸು ಕರಗುತ್ತಿತ್ತು. ಕಂಡಕ್ಟರ ಬದಲಾದರೆ ಫ್ಲಾಸ್ಕು ಇಳಿಯದೆ ಧರ್ಮಸ್ಥಳಕ್ಕೆ ಹೋಗುವ ಭಯ. ಒಮ್ಮೆ ಹೋಗಿಯೂ ಇತ್ತು. ಯಾರೋ ಯಾತ್ರಿಕರು ಮರೆತ ಕಾಫಿಯೆಂದು ಲಾಡ್ಜಿನ ಮೇಜಿನ ಮೇಲೆ ಕೂತಿತ್ತು. ಆಮೇಲೆ ಮೂಡುಬಿದಿರೆಯ ಇನ್ನೊಂದು ಅಂಗಡಿಯನ್ನೂ ಗೊತ್ತುಮಾಡಿಕೊಂಡೆ. ಇತ್ತ ತಪ್ಪಿದರೆ ಅತ್ತ ಉಂಟು ಎಂಬ ಧೈರ್ಯ ಬಂತು.

ಪತ್ರಿಕೆಯ ಉಪಸಂಪಾದಕರು ಫೋನಿನಲ್ಲಿ ಸುದ್ದಿ ಬರೆದುಕೊಳ್ಳುವಾಗ ವಾಕ್ಯ ವಾಕ್ಯಕ್ಕೂ ಕಂಡದ್ದೋ ಕೇಳಿದ್ದೋ ಎಂದು ವಿಚಾರಿಸುತ್ತಿದ್ದರು. ಮದ್ದಿನ ವಿಷಯದಲ್ಲಿ ನನ್ನ ಅಳತೆಗೋಲು ಬೇರೆ. ನಮ್ಮ ಕಡೆ ‘ಮಾಡ್ತೇನೆ’ ಎಂದವರು ಮಾಡುತ್ತಾರೆ. ‘ಮಾಡುವ’, ಅಂದರೆ ಮಾಡೋಣ, ಎಂದರೆ ಕೆಲಸ ಇಬ್ಬರ ಹೆಗಲಿಗೂ ಬಂತು, ಅಂದರೆ ಯಾರ ಹೆಗಲಿಗೂ ಇಲ್ಲ. ‘ನೋಡುವ’ ಎಂದರೆ ಎದ್ದು ಮನೆಗೆ ಹೋಗಬಹುದು. ಎದುರಿಗೆ ಸಿಕ್ಕಿದರೆ ತುಳುವಿನಲ್ಲಿ ಹರಟುತ್ತಿದ್ದ ಸಾಹೇಬರು ಫೋನಿನಲ್ಲಿ ಮಾತ್ರ ಕನ್ನಡ ಮಾತಾಡುತ್ತಿದ್ದರು. ಫೋನೆಂದರೆ ಅವರಿಗೆ ಕಚೇರಿ. ಪ್ರತಿ ಸಲವೂ ‘ಕಳಿಸ್ತೇನೆ ಮಾಷ್ಟ್ರೆ’ ಎಂದು ಇಟ್ಟುಬಿಡುವರು. ಫ್ಲಾಸ್ಕು ಬರುತ್ತಿತ್ತು.

ಪಾಕಿಸ್ತಾನದೊಡನೆ ಯುದ್ಧವಾದ ವರ್ಷ ಮದ್ದುಗಳಿಗೆ ಅಭಾವ ಬಂತು. ಬರಬೇಕಾದ ಸೀಸೆ ಬಾರದೆ, ಗಡಿಗೆಯಲ್ಲಿದ್ದದ್ದು ಮರುದಿನ ಬೆಳಗ್ಗೆಗಷ್ಟೇ ಸಾಲುವಂತಿತ್ತು. ಸಂಜೆ ಪೋಸ್ಟಾಫೀಸಿಗೆ ಹೋಗಿ ಬಂಟ್ವಾಳಕ್ಕೆ ಫೋನು ಮಾಡಿದೆ.

“ಕಳಿಸುವ” ಎಂದರು ಸಾಹೇಬರು.

ಕೇಳಿಸಲಿಲ್ಲವೆಂಬಂತೆ ಇನ್ನೊಮ್ಮೆ ಕೇಳಿದೆ.

“ಕಳಿಸುವ ಮಾಷ್ಟ್ರೆ, ಕಳಿಸುವ.”

ಅವರ ಬಾಯಲ್ಲಿ ಆ ಪದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೂಡಲೇ ಮೂಡುಬಿದಿರೆಗೆ ಮಾತಾಡಿದೆ. ಅಂಗಡಿಯವರು, ತಮ್ಮಲ್ಲೂ ಮುಗಿದಿದೆ, ವ್ಯಾನು ಬಂದರೆ ಉಂಟು ಎಂದರು. ಯಾವ ವ್ಯಾನು ಎಂದು ಕೇಳಿದೆ. ಅಷ್ಟು ದಿನ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

“ಮಂಗಳೂರಿನ ಏಜೆಂಟರದ್ದು. ಬಂಟ್ವಾಳಕ್ಕೆ ಕೊಡುವುದೂ ಅದೇ ಅಲ್ವ ಮಾರಾಯ್ರೆ?”

ಒಬ್ಬನೇ ಹೇಳಿದ್ದನ್ನು ಇಬ್ಬರ ಬಾಯಿಂದ ಕೇಳಿ ಇಬ್ಬರು ಸಾಕ್ಷಿಗಳೆಂದು ಬರೆದಿದ್ದರೆ ಉಪಸಂಪಾದಕರು ಆ ಸುದ್ದಿಯನ್ನು ಹೊಡೆದುಹಾಕುತ್ತಿದ್ದರು. ಅಮ್ಮನ ಜೀವವನ್ನು ನಾನು ಅಂಥ ಲೆಕ್ಕದ ಮೇಲೆ ನಿಲ್ಲಿಸಿದ್ದೆ.

ಬೆಳಗ್ಗೆ ಎಂದಿನಂತೆ ಡಾಕ್ಟರ ಕಂಪೌಂಡರು ಬಂದು ಕೊನೆಯ ಮದ್ದನ್ನು ಚುಚ್ಚಿದರು. ಬರಿದಾದ ಸೀಸೆಯನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ನಾನು ಫ್ಲಾಸ್ಕು ಹಿಡಿದು ಬಂಟ್ವಾಳದ ಬಸ್ಸು ಹತ್ತಿದೆ.

ನನ್ನನ್ನು ಕಂಡ ಸಾಹೇಬರು ಗಲ್ಲಾದಿಂದ ಎದ್ದು, ಗಿರಾಕಿಗಳಿದ್ದರೂ, ಹಿಂದಿನ ಕೋಣೆಗೆ ಕರೆದರು. ವ್ಯಾನು ಬಂದಿರಲಿಲ್ಲ, ಯಾವಾಗ ಬರುತ್ತದೆಂದು ಏಜೆಂಟರಿಗೇ ಗೊತ್ತಿರಲಿಲ್ಲ.

“ಎರಡು ಸೀಸೆ ಉಂಟು” ಎಂದರು ತುಳುವಿನಲ್ಲಿ. “ನನ್ನ ಅಕ್ಕನಿಗೂ ಇದೇ ಕಾಯಿಲೆ ಅಂತ ನಿಮಗೆ ಹೇಳಿರಲಿಲ್ಲ.”

ಕೊಡಿ ಎನ್ನುವುದು ಸಾಧ್ಯವಿರಲಿಲ್ಲ, ಬೇಡ ಎನ್ನುವುದೂ.

“ಇಲ್ಲ ಅಂತ ಹೇಳಲಿಕ್ಕೆ ನಾಲಿಗೆ ಬರಲಿಲ್ಲ. ಉಂಟು ಅಂತಲೂ ಬರಲಿಲ್ಲ. ಒಂದು ತೆಗೊಂಡು ಹೋಗಿ” ಎಂದು ಅವರೇ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ನಾನು ಅವರಲ್ಲಿ ಕೇಳಿಕೊಂಡದ್ದು ಒಂದೇ: ಇನ್ನು ಮುಂದೆ ಇಲ್ಲದಿದ್ದರೆ ಇಲ್ಲ ಎಂದೇ ಹೇಳಬೇಕು. ಹಾಗೆ ಮಾಡಿದರೆ ಬೇರೆ ಕಡೆ ಹುಡುಕಲು ನನಗೆ ಅರ್ಧ ದಿನ ಸಿಗುತ್ತದೆ. ಅವರು ತಲೆಯಾಡಿಸಿದರು.

ವಾಪಸು ಬರುವಾಗ ಫ್ಲಾಸ್ಕನ್ನು ತೊಡೆಯ ನಡುವೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದೆ. ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿ, ಸಾಹೇಬರ ಅಕ್ಕನಿಗೆ ಎಷ್ಟು ಉಳಿಯಿತು ಎಂದಳು. ಒಂದು ಸೀಸೆ ಎಂದೆ. ನಮ್ಮ ಹಾಗೆಯೇ, ಎಂದು ಕಂಪೌಂಡರಿಗೆ ತೋಳು ಕೊಟ್ಟಳು.

ಎರಡು ಮನೆಯ ಸೀಸೆಗಳೂ ಬರಿದಾಗುವ ಮೊದಲು ವ್ಯಾನು ಬಂತು. ಆಮೇಲೆ ನಾನು ಮೂಡುಬಿದಿರೆಯವರನ್ನು ಒಪ್ಪಿಸಿ ಅವರ ಮದ್ದು ಹುಬ್ಬಳ್ಳಿಯ ಕಡೆಯಿಂದ ಬರುವಂತೆ ಮಾಡಿದೆ. ಹಾಗೆ ನೋಡಿದರೆ ಅದು ದೂರದ ದಾರಿ, ತಡವೂ ಹೆಚ್ಚು. ಆದರೆ ದಾರಿ ಬೇರೆ.

ಮುಂದಿನ ಮಳೆಗಾಲಕ್ಕೆ ಮೊದಲೇ ಮತ್ತೊಮ್ಮೆ ಅಭಾವ ಬಂತು. ಬಂಟ್ವಾಳಕ್ಕೆ ಫೋನು ಮಾಡಿದೆ. “ಇಲ್ಲ ಮಾಷ್ಟ್ರೆ” ಎಂದರು ಸಾಹೇಬರು, ಒಂದೇ ಉಸಿರಿನಲ್ಲಿ. ಮನೆಗೆ ಬಂದು ಅಮ್ಮನಿಗೆ ಹೇಳಿದೆ.

“ಇಲ್ಲ ಅಂತಲೇ ಹೇಳಿದ್ರಾ?” ಎಂದು ಕೇಳಿ ಅಮ್ಮ ಫ್ಲಾಸ್ಕು ತೊಳೆಯಲು ಎದ್ದಳು. “ಹಾಗಾದ್ರೆ ಮೂಡುಬಿದಿರೆಯ ಬಸ್ಸು ಇನ್ನೂ ಉಂಟು. ಹೊರಡು.”