ಮೊರದೊಳಗಿನ ಸಮುದ್ರ

ಮೊದಲೇ ಕ್ಷಮಿಸಿ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಭಾನುವಾರ ಮನೆಯಲ್ಲಿ ಸದ್ದು ಮಾಡಬಾರದು, ಅದು ನಿಯಮ. ಅಂಥ ಒಂದು ಭಾನುವಾರ ನಾನು ಮೊರದಲ್ಲಿ ಅಕ್ಕಿ ಕೇರುತ್ತಿದ್ದೆ. (ಮೊರ ಅಮ್ಮ ಕಳಿಸಿದ್ದು. ಅದು ಮುಖ್ಯವಲ್ಲ.) ಕೆಳಮನೆಯ ಅಜ್ಜ ಬಂದು ಬಾಗಿಲು ತಟ್ಟಿದರು. ಬೈಯುತ್ತಾರೆ ಎಂದುಕೊಂಡೆ.

"ತಟತಟ ಕೇಳಿಸಿತು," ಎಂದರು. "ಜೊತೆಗೆ ಸೊಯ್ ಅನ್ನುವ ಸದ್ದೂ ಇದೆಯಾ? ನನ್ನ ಕಿವಿಗೆ ಈಗ ಅದು ಸಿಗುವುದಿಲ್ಲ."

"ಇದೆ," ಎಂದೆ.

ಅಜ್ಜ ಹಿಂದೆ ರೆಕಾರ್ಡ್ ನಿರ್ಮಾಪಕರು. ಮೊದಲು ಸರ್ಫ್ ಸಂಗೀತ, ಅಂದರೆ ಕಡಲಲೆಯ ಮೇಲೆ ಹಲಗೆಯಲ್ಲಿ ಜಾರುವವರ ಗಿಟಾರ್ ಸಂಗೀತ. ಆಮೇಲೆ ಜನಪದ ಧಾಟಿಯ ರಾಕ್. ಇಲ್ಲಿ ಸಮುದ್ರವಿಲ್ಲವಲ್ಲ, ಹಾಗಾಗಿ ತಟ್ಟೆಯಲ್ಲಿ ಬಟಾಣಿ ಉರುಳಿಸಿ ಅಲೆಯ ಸದ್ದು ಮಾಡುತ್ತಿದ್ದರಂತೆ. ತೀರಿಹೋದ ಗೆಳೆಯನ ಕೊನೆಯ ಹಾಡನ್ನು ಅವರು ಈಗ ಹೊರತರಬೇಕು. ಟೇಪಿನಲ್ಲಿ ಅಲೆಯ ಭಾಗ ಮಾತ್ರ ಹಾಳಾಗಿದೆ.

"ಕೈ ನಿಮ್ಮದು, ಕಿವಿಯೂ ನಿಮ್ಮದೇ," ಎಂದರು. "ನೀವು ಸರಿ ಅಂದರೆ ಸರಿ."

ಅವತ್ತಿನಿಂದ ಪ್ರತಿ ಭಾನುವಾರ ಅವರ ಮೈಕಿನ ಮುಂದೆ ಕೇರುತ್ತಿದ್ದೇನೆ. ಅಲೆ ಹೇಗೆ ಬರುತ್ತದೆಂದರೆ, ಮೊರವನ್ನು ಮೆಲ್ಲಗೆ ವಾಲಿಸಬೇಕು, ಅಕ್ಕಿ ಅಂಚಿಗೆ ಬರುವ ಮುಂಚೆ... ತಾಳಿ, ಕೆಳಗಿನಿಂದ ಅಜ್ಜ ಕರೆಯುತ್ತಿದ್ದಾರೆ. ಇವತ್ತೂ ಭಾನುವಾರ, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದಾರೆ.