ದೇಸಾಯಿ ಅಂಕಲ್ ಮತ್ತು ಎರಡು ಫಟಫಟಿ

ದೇಸಾಯಿ ಅಂಕಲ್ ಮೋಟಾರ್‌ಸೈಕಲ್ಲಿನ ಯೋಗ್ಯತೆ ಅಳೆಯುತ್ತಿದ್ದದ್ದು ಮೊಸರಿನಿಂದ. ಅಮೆರಿಕದ ಕೇಟಿ ಎಂಬ ಊರಿನ ಮನೆಯಿಂದ ಹ್ಯೂಸ್ಟನ್ ಡೌನ್‌ಟೌನಿಗೆ ಹೊರಡುವಾಗ ಕೆನೆಮೊಸರಿನ ಬಾಟಲಿಯನ್ನು ಗಾಡಿಯ ಚೀಲಕ್ಕೆ ಹಾಕುವುದು, ಆಫೀಸು ಮುಟ್ಟಿದ ಕೂಡಲೇ ತೆಗೆದು ನೋಡುವುದು. ಇಂಗ್ಲೆಂಡಿನ ಒಂಟಿ ಸಿಲಿಂಡರಿನ ಹಳೇ ಗಾಡಿಯಾದರೆ ಬೆಣ್ಣೆ ತೇಲುತ್ತಿತ್ತು. ಜಪಾನಿನ ನಾಲ್ಕು ಸಿಲಿಂಡರಿನದಾದರೆ ಮೊಸರು ಮೊಸರಾಗಿಯೇ ಇರುತ್ತಿತ್ತು.

"ಹೈವೇದಾಗ ಎಲ್ಲಾ ಗಾಡೀನೂ ಶಾಣ್ಯಾನ ಇರ್ತಾವೋ ತಮ್ಮಾ. ಟ್ರಾಫಿಕ್ಕಿನ್ಯಾಗ ಹಾಕು, ಆವಾಗ ಗುಣಾ ಗೊತ್ತಾಗ್ತದ" ಎಂದು ನನಗೆ ಹೇಳುತ್ತಿದ್ದರು.

ಇಸವಿ ಎರಡು ಸಾವಿರ ದಾಟಿದ ಹೊಸತರಲ್ಲಿ ಅವರ ಕೆಲಸ ಹೋಯಿತು. ಬಹಳ ತಿಂಗಳ ಮೇಲೆ ಡೌನ್‌ಟೌನಿನಲ್ಲಿ ಸಣ್ಣದೊಂದು ಕಾಂಟ್ರಾಕ್ಟ್ ಸಿಕ್ಕಿತು. ಉಳಿದ ಒಂದೇ ಕಾರು ಅವರ ಹೆಂಡತಿ ಸುಮಿತ್ರಾ ಆಂಟಿಯ ಕೆಲಸಕ್ಕೆ ಬೇಕು. ಹಾಗಾಗಿ ಒಂದು ಗಾಡಿ ಮಾರಿ, ಇನ್ನೊಂದರಲ್ಲಿ ದಿನಾ ಓಡಾಡಬೇಕು. ಯಾವುದನ್ನು ಇಟ್ಟುಕೊಳ್ಳುವುದು?

"ಎರಡೂ ಮಾರ್ರಿ" ಎಂದರು ಆಂಟಿ. "ತಲಿ ಬೆಳ್ಳಗಾತು, ಫಟಫಟಿ ಹುಚ್ಚು ಇಳೀಲಿಲ್ಲ."

ಅಂಕಲ್ ಆ ಬೇಸಿಗೆಯೆಲ್ಲ ವಾರಕ್ಕೊಂದು ಗಾಡಿಯಂತೆ ಐ-ಟೆನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಪರೀಕ್ಷೆ ಮಾಡಿದರು. ಇಂಗ್ಲಿಷ್ ಗಾಡಿ ನಡಿಗೆಯ ವೇಗದಲ್ಲೂ ತೂಗಾಡದೆ ಎಮ್ಮೆಯಂತೆ ಹೋಗುತ್ತಿತ್ತು. ಆದರೆ ಜಾಮಿನಲ್ಲಿ ನಿಂತರೆ ಬಿಸಿಯಾಗಿ ಆರಿಹೋಗುತ್ತಿತ್ತು, ಕ್ಲಚ್ ಹಿಡಿದು ಹಿಡಿದು ಎಡಗೈ ಮರಗಟ್ಟುತ್ತಿತ್ತು. ಜಪಾನಿನದು ನಿಧಾನಕ್ಕೆ ಹೋಗುವಾಗ ಮೇಲ್ಭಾರವಾಗಿ ವಾಲುತ್ತಿತ್ತು. ಆದರೆ ಕೆಡದು, ಕೆಮ್ಮದು. ಲೇನ್ ಬದಲಿಸಬೇಕೆಂದರೆ ಚಂಗನೆ ನೆಗೆಯುತ್ತಿತ್ತು.

ಬುದ್ಧಿ ಜಪಾನಿನದಕ್ಕೇ ಓಟು ಹಾಕಿತು. ಆಸ್ಟಿನ್‌ನಿಂದ ಒಬ್ಬ ಟ್ರೇಲರ್ ತಂದು ಇಂಗ್ಲಿಷ್ ಗಾಡಿಯನ್ನು ಒಯ್ದ. ಅಂಕಲ್ ಗ್ಯಾರೇಜಿನಿಂದ ಆಚೆಗೆ ಬರಲಿಲ್ಲ.

ಗೇರಿನ ಒಂದು ಸಂಗತಿ ಹೇಳಬೇಕು. ಅಂಕಲ್ ಗಾಡಿ ಕಲಿತದ್ದು ಧಾರವಾಡದಲ್ಲಿ, ಕಾಕಾನ ಫಟಫಟಿಯ ಮೇಲೆ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಇಂಗ್ಲಿಷ್ ಗಾಡಿಯದೂ ಹಾಗೆಯೇ. ಜಪಾನಿನದರಲ್ಲಿ ಎಲ್ಲ ತಿರುಗುಮುರುಗು. ಅದಕ್ಕೇ ಹೊರಡುವ ಮುಂಚೆ ಒಂದೊಂದೇ ಪೆಡಲ್ ಒತ್ತಿ, "ಇದು ಬ್ರೇಕು, ಇದು ಗೇರು" ಎಂದು ಮಂತ್ರದಂತೆ ಹೇಳಿಕೊಳ್ಳುತ್ತಿದ್ದರು. ಕೈಬ್ರೇಕನ್ನಂತೂ ಮುಟ್ಟುತ್ತಲೇ ಇರಲಿಲ್ಲ. "ಮುಂದಿನ ಬ್ರೇಕ್ ಹಿಡದ್ರ ಮಾರಿ ನೆಲಕ್ಕ" ಎಂದು ಕಾಕಾ ಹೆದರಿಸಿಟ್ಟಿದ್ದರಂತೆ.

ಗಾಡಿ ಮಾರಿದ ಮೇಲೆ ಅವರ ಮಾತು ಕಡಿಮೆಯಾಯಿತು. ಭಾನುವಾರ ನಾವು ಕನ್ನಡದವರು ಸೇರುತ್ತಿದ್ದ ಕೂಟಕ್ಕೆ ಬರುವುದನ್ನು ಬಿಟ್ಟರು. ಫೋನ್ ಮಾಡಿದರೆ, "ಅದೀನಪಾ, ಇನ್ನೂ ಅದೀನಿ" ಎಂದು ಇಟ್ಟುಬಿಡುತ್ತಿದ್ದರು.

ಒಂದು ಸಂಜೆ ಐ-ಟೆನ್‌ನಲ್ಲಿ ಮುಂದಿನ ಟ್ರಕ್ಕು ಗಕ್ಕನೆ ನಿಂತಿತು. ಅಂಕಲ್ ನಿಲ್ಲಲಿಲ್ಲ.

ಹಿಂದಿನ ಕಾರಿನವನು ಪೊಲೀಸರಿಗೆ ಹೇಳಿದ ಮಾತು ಆಂಟಿಯ ಕಿವಿಗೂ ಬಿತ್ತು. ಗಾಡಿಯ ಬ್ರೇಕ್ ದೀಪ ಹೊತ್ತಲೇ ಇಲ್ಲವಂತೆ. ರಸ್ತೆಯ ಮೇಲೆ ಟೈರಿನ ಗೆರೆಯೂ ಇರಲಿಲ್ಲ.

ಅಂಕಲ್‌ರ ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಹೋದ ಮೇಲೆ ಆಂಟಿ ನನ್ನನ್ನು ಅಡುಗೆಮನೆಗೆ ಕರೆದರು. ಸಿಂಕಿನ ನಲ್ಲಿ ಬಿಟ್ಟು, ಪಡಸಾಲೆಯಲ್ಲಿದ್ದ ಮಗಳಿಗೆ ಕೇಳಿಸದಂತೆ ಕೇಳಿದರು: "ಖರೇ ಹೇಳಪಾ. ನಿಮ್ಮ ಅಂಕಲ್ ಬ್ರೇಕ್ ಯಾಕ ಹಾಕಲಿಲ್ಲ? ಬೇಕಂತನ ಹೋದ್ರೇನು?"

ಬಾಯಿಮಾತಿನ ಸಮಾಧಾನ ಆಗ ಸಾಲುತ್ತಿರಲಿಲ್ಲ. ಮರುದಿನ, ಜಖಂ ಆದ ಗಾಡಿಗಳನ್ನು ಎಳೆದು ತಂದಿಡುವ ಯಾರ್ಡಿಗೆ ಅವರನ್ನು ಕರೆದುಕೊಂಡು ಹೋದೆ. ಬಿಸಿಲಿಗೆ ಜಲ್ಲಿ ಕಾದಿತ್ತು. ಗಾಡಿ ಬಿದ್ದದ್ದು ಬಲಮಗ್ಗುಲಿಗೆ. ಆ ಕಡೆ ನೋಡುವಂತಿರಲಿಲ್ಲ. ಎಡಬದಿಗೆ ಒಂದು ಗೀರೂ ಇಲ್ಲ. ಅಲ್ಲಿ ಗೇರಿನ ಲಿವರ್ ಮಾತ್ರ ಕೆಳಕ್ಕೆ ಬಾಗಿ ಸೊಟ್ಟಗಾಗಿತ್ತು.

"ಆಂಟಿ, ಇದು ಗೇರು. ಅವರ ಹಳೇ ಗಾಡೀಲಿ ಬ್ರೇಕ್ ಇರ್ತಿದ್ದದ್ದು ಈ ಕಾಲಿಗೇ. ಟ್ರಕ್ ಕಂಡ ತಕ್ಷಣ ಕಾಲು ಹಳೇ ಅಭ್ಯಾಸಕ್ಕೆ ಹೋಗಿದೆ. ದೀಪ ಹೇಗೆ ಹೊತ್ತುತ್ತೆ?"

ಆಂಟಿ ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಜಲ್ಲಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಆ ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿನೋಡಿದರು. ಜಗ್ಗಲಿಲ್ಲ. ಇನ್ನೊಮ್ಮೆ ಬಲ ಹಾಕಿದರು. ಆಮೇಲೆ, ಅಷ್ಟು ದಿನ ಒಣಗಿಯೇ ಇದ್ದ ಅವರ ಕಣ್ಣು ತುಂಬಿ ಬಂತು.

"ಎಷ್ಟು ಜೋರ ಒತ್ಯಾರ ನೋಡು," ಎಂದರು. "ಮನೀಗೆ ಬರೂದಿತ್ತು ಅವರಿಗೆ."