ಕಾಗದದ ಮೇಲೆ ನೂರೇಳು ಅಡಿ ನಡೆದ ಮನೆಗಳು

ಅಜ್ಜಂಪುರದ ಅಂಗಡಿ ಬೀದಿಯವರ ಪ್ರಕಾರ ಟ್ರೇಸರ್ ಉಗ್ರಪ್ಪ ದಿನಕ್ಕೊಂದು ಡಬ್ಬಿ ಮುಖದ ಪೌಡರ್ ಮುಗಿಸುತ್ತಿದ್ದ. ಬಸ್ ಸ್ಟ್ಯಾಂಡಿನವರ ಪ್ರಕಾರ ಎರಡು. ಸಂಜೆ ಆತ ಕೆಲಸ ಮುಗಿಸಿ ಬಂದರೆ ಮೊಣಕೈವರೆಗೆ ಬಿಳುಪು, ಹುಬ್ಬು ಬಿಳುಪು, ಕಿವಿಯಂಚೂ ಬಿಳುಪು. ಬೀರೂರಿನ ಬಸ್ಸಿನಲ್ಲಿ ಹೊಸಬರು ಎದ್ದು ಸೀಟು ಬಿಟ್ಟುಕೊಟ್ಟು, ಯಾವ ಮಠದ ಬುದ್ಧಿಯವರೋ ಎಂದು ಕೈಮುಗಿದದ್ದುಂಟು. ಒಮ್ಮೆ ಒಬ್ಬಾಕೆ ಜ್ವರದ ಕೂಸನ್ನು ತಂದು ಅವನ ಕಾಲಬುಡದಲ್ಲಿ ಮಲಗಿಸಿದಳು. ಕಕ್ಕಾಬಿಕ್ಕಿಯಾದ ಉಗ್ರಪ್ಪ ಅದರ ಹಣೆ ಮುಟ್ಟಿದ. ಬೀರೂರು ಬರುವಷ್ಟರಲ್ಲಿ ಕೂಸಿನ ಜ್ವರ ಇಳಿದು, ಅದು ಎದ್ದು ಕೂತು ಮಂಡಕ್ಕಿ ಕೇಳಿತಂತೆ. ಈ ಸುದ್ದಿ ಕಡೂರು ಮುಟ್ಟಿದ ವೇಗದಲ್ಲಿ ನಮ್ಮ ಕಡೆಯ ಯಾವ ರೈಲೂ ಇವತ್ತಿಗೂ ಓಡಿಲ್ಲ.

ಪೌಡರಿನ ಹಿಂದೆ ಇದ್ದದ್ದು ಪವಾಡವಲ್ಲ, ಬೆವರು. ನಕ್ಷೆ ತೆಗೆಯುವ ಹಾಳೆಗೆ ಕೈಯ ಜಿಡ್ಡು ತಾಗಿದರೆ ಶಾಯಿ ಹಿಡಿಯುವುದಿಲ್ಲ. ಪೌಡರ್ ಸವರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಪೆನ್ನು ಇಳಿಸಬೇಕು. ಉಗ್ರಪ್ಪ ಇದನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಎಪ್ಪತ್ತೊಂದರಲ್ಲಿ ಸರ್ವೇಯವರ ಜೊತೆ ಸರಪಳಿ ಎಳೆಯುವ ಆಳಾಗಿ ಸೇರಿದ. ಸರಪಳಿಯೆಂದರೆ ಅರವತ್ತಾರು ಅಡಿ ಉದ್ದದ, ನೂರು ಕೊಂಡಿಗಳ ಕಬ್ಬಿಣ. ಹಗಲೆಲ್ಲ ಅದನ್ನು ಹೊಲಗಳ ಮೇಲೆ ಎಳೆಯುವುದು, ಮಧ್ಯಾಹ್ನ ಸಾಹೇಬರು ಊಟಕ್ಕೆ ಕೂತಾಗ ಅವರ ನಕ್ಷೆಯ ಮೇಲೆ ಇಣುಕುವುದು. ಹಾಗೆ ಇಣುಕಿ ಇಣುಕಿಯೇ ಎಂಟು ವರ್ಷದಲ್ಲಿ, ನಕ್ಷೆಗೆ ಶಾಯಿಯ ಗೆರೆ ಎಳೆಯುವ ಟ್ರೇಸರ್ ಆದ. ಅವನು ಎಳೆದ ಗೆರೆಯ ಮೇಲೆ ಇರುವೆ ಬಿಟ್ಟರೆ ಅದು ಆಚೀಚೆ ನೋಡದೆ ಲಕ್ಕವಳ್ಳಿ ಅಣೆಕಟ್ಟು ಸೇರುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು.

ಎಂಬತ್ತೆಂಟರಲ್ಲಿ ಶಿವನಿ ಕಡೆಗೆ ಒಂದು ಮರಿನಾಲೆ ಎಳೆಯುವ ಯೋಜನೆ ಬಂತು. ನಕ್ಷೆಯ ಕೆಲಸ ಹಿಡಿದದ್ದು ಬೆಂಗಳೂರಿನ ಒಂದು ಖಾಸಗಿ ಕಂಪನಿ. ಅದು ಅಜ್ಜಂಪುರದಲ್ಲಿ ಸಣ್ಣಬೀರಪ್ಪನ ಅಕ್ಕಿ ಗಿರಣಿಯ ಮಾಳಿಗೆಯನ್ನು ಬಾಡಿಗೆಗೆ ಹಿಡಿದು, ಉಗ್ರಪ್ಪನನ್ನೂ ಕೆಲಸಕ್ಕೆ ಕರೆಯಿತು. ಹಿಂದೆಯೇ ಲಾರಿಯಲ್ಲಿ, ಹುಲ್ಲಿನ ಹಾಸಿಗೆಯ ಮೇಲೆ ಮಲಗಿಕೊಂಡು, ಎರಡು ಮಿಷನ್ನುಗಳು ಬಂದವು. ಒಂದು ಕಂಪ್ಯೂಟರ್. ಇನ್ನೊಂದು ಪ್ಲಾಟರ್: ಮಂಚದಷ್ಟು ಅಗಲ, ಹೊಟ್ಟೆಯೊಳಗೆ ಎಂಟು ಪೆನ್ನು. ಹಾಳೆ ಕೊಟ್ಟರೆ ಅದನ್ನು ಮುಂದಕ್ಕೆ ಹಿಂದಕ್ಕೆ ಎಳೆದಾಡುತ್ತ, ಸೀರೆ ಅಂಗಡಿಯವನು ಸೆರಗು ಬಿಚ್ಚಿ ತೋರಿಸಿ ಮತ್ತೆ ಮಡಚುವ ಹಾಗೆ, ತನ್ನಷ್ಟಕ್ಕೆ ತಾನೇ ಗೆರೆ ಬರೆಯುತ್ತಿತ್ತು. ಅದನ್ನು ನಡೆಸಲು ತರೀಕೆರೆಯಿಂದ ಪಂಕಜಾಕ್ಷಿ ಬಂದಳು, ಆರು ತಿಂಗಳ ಕೋರ್ಸು ಮುಗಿಸಿದವಳು. ಎಲ್ಲರ ಮೇಲೆ ಎಂಜಿನಿಯರ್ ಈರಭದ್ರಪ್ಪ. ಆತ ದಿನಾ ಬೆಳಿಗ್ಗೆ ಪ್ಲಾಟರಿಗೆ ಊದುಬತ್ತಿ ಬೆಳಗುತ್ತಿದ್ದ, ಉಗ್ರಪ್ಪನ ನಮಸ್ಕಾರಕ್ಕೆ ತಲೆಯಾಡಿಸುತ್ತಿದ್ದ.

ಆ ಶನಿವಾರ ಮೊದಲ ದೊಡ್ಡ ಹಾಳೆ ಹೊರಬಿತ್ತು. ಹೊಸದಾಗಿ ಅಳೆದ ನಾಲೆಯ ಗೆರೆ, ಹಳೆಯ ಗ್ರಾಮ ನಕ್ಷೆಯಿಂದ ಕಂಪ್ಯೂಟರಿಗೆ ಇಳಿಸಿದ ಹೊಲ ಮನೆಗಳು, ಎಲ್ಲ ಅದರಲ್ಲಿ. ಸೋಮವಾರ ನಾಲ್ಕು ಗಂಟೆಗೆ ಕಡೂರಿನಿಂದ ಭೂಸ್ವಾಧೀನದ ಸಾಹೇಬರ ಜೀಪು ಬರುತ್ತದೆ. ಸಾಹೇಬರು ರುಜು ಹಾಕಿದ ಮೇಲೆ ನಾಲೆಯ ಗೆರೆಯೊಳಗೆ ಯಾರ ಮನೆ ಇದೆಯೋ ಅವರಿಗೆ ನೋಟಿಸು, ನೋಟಿಸಿನ ಹಿಂದೆ ಬುಲ್ಡೋಜರು. ಉಗ್ರಪ್ಪ ಹಾಳೆಯ ಮೇಲೆ ಬಗ್ಗಿ ನೋಡಿದ, ಬಗ್ಗಿದವನು ಮೇಲೇಳಲಿಲ್ಲ.

“ಸಾರ್, ನಮ್ಮಕ್ಕನ ಮನೆ ನಾಲೇಲದೆ.”

“ಇರ್ಲಿ ಬಿಡಯ್ಯ, ಪರಿಹಾರ ಬತ್ತದೆ,” ಎಂದ ಈರಭದ್ರಪ್ಪ.

“ಮನೆ ಅಲ್ಲಿಲ್ಲ ಸಾರ್. ನಾಲೆ ನಮ್ಮ ಕೇರಿ ದಾಟಿ ಅತ್ಲಾಗೆ ತಿರುಗ್ತದೆ. ಗೂಟ ಹೊಡೆಯುವಾಗ ನಾನೇ ಇದ್ದೆ. ಇದ್ರಲ್ಲಿ ಹದಿನಾಲ್ಕು ಮನೇನೂ ಎದ್ದು ಹೋಗಿ ನಾಲೇಲಿ ಕೂತವೆ.”

“ಮನೆಗಳು ಎದ್ದು ಹೋದ್ವಾ? ಲೇ ಉಗ್ರಪ್ಪ, ಪೌಡರ್ ತಲೆಗೇರಿದೆ ನಿಂಗೆ. ಫಾರಿನ್ನಿಂದ ವಿಮಾನದಲ್ಲಿ ಬಂದ ಮಿಷನ್ನು ಸುಳ್ಳು ಹೇಳ್ತದೇನಯ್ಯ? ಹಳೇ ಗ್ರಾಮ ನಕ್ಷೆನೇ ತಪ್ಪಿರ್ಬೇಕು. ಇಲ್ಲ ಅಂತೀಯಾ? ನೆಲದ ಮೇಲೆ ಅಳೆದು ತಾ, ನೋಡನ.”

ಆ ಹದಿನಾಲ್ಕು ಮನೆಗಳಲ್ಲಿ ಮೊದಲನೆಯದು ಉಗ್ರಪ್ಪನ ತಾಯಿ ಕಟ್ಟಿದ್ದು. ರೈಲು ದಾರಿಯ ಕೆಲಸಕ್ಕೆ ಹೋಗಿ, ಬರುವಾಗ ದಿನಕ್ಕೊಂದು ಕಲ್ಲು ತಲೆಯ ಮೇಲೆ ಹೊತ್ತು ತಂದು ಗೋಡೆ ಎಬ್ಬಿಸಿದವಳು. ಈಗ ಅದರಲ್ಲಿ ಅಕ್ಕ ಹುಲಿಯಮ್ಮ ಇದ್ದಳು. ಭಾನುವಾರ ಹೊತ್ತು ಮೂಡುವ ಮುಂಚೆ ಉಗ್ರಪ್ಪ ಹೆಗಲ ಮೇಲೆ ಹಳೆಯ ಸರಪಳಿ ಹೇರಿಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ. ಆಳು ಸಿಗುವ ದಿನವಲ್ಲ. ಸರಪಳಿಯ ಇನ್ನೊಂದು ತುದಿ ಹುಲಿಯಮ್ಮನ ಕೈಗೇ ಬಂತು. ನಾಲೆಯ ಅಳತೆಯಲ್ಲೂ ಗ್ರಾಮ ನಕ್ಷೆಯಲ್ಲೂ ಇರುವ ಊರಾಚೆಯ ಸೇತುವೆಯಿಂದ ಮನೆಯ ಹೊಸ್ತಿಲವರೆಗೆ ಅಳೆಯಬೇಕು, ಎರಡು ಮೈಲಿ.

“ಲೇ ಉಗ್ರ, ಇಷ್ಟ್ ವರ್ಸ ಆಫೀಸ್ನಲ್ಲಿ ಕೂತು ಏನ್ ಕಲ್ತ್ಯೋ? ನಮ್ಮವ್ವನ ಮನೆ ಎಲ್ಲದೆ ಅಂತ ಸರಪಳಿ ಹಾಕಿ ಹುಡುಕ್ತೀಯಲ್ಲ!”

“ಬಿಗಿಯಾಗಿ ಹಿಡ್ಕೊಳ್ಳಕ್ಕ. ಜೋತು ಬಿಟ್ರೆ ಅಳತೆ ಸುಳ್ಳಾಯ್ತದೆ.”

“ಸುಳ್ಳು ಹೇಳಿದ್ದು ಆ ನಿನ್ ಮಿಷನ್ನು. ಬೈಯೋದು ನಂಗೆ!”

ಹತ್ತು ಸರಪಳಿಗೊಂದು ಹುಣಸೆಬೀಜವನ್ನು ಹುಲಿಯಮ್ಮ ಸೆರಗಿಗೆ ಕಟ್ಟುತ್ತ ಬಂದಳು. ಹೊಸ್ತಿಲು ಮುಟ್ಟಿದಾಗ ಬಿಚ್ಚಿ ಎಣಿಸಿದರು, ಹದಿನಾರು. ಅಂದರೆ ನೂರ ಅರವತ್ತು ಸರಪಳಿ, ಹತ್ತು ಸಾವಿರದ ಐನೂರ ಅರವತ್ತು ಅಡಿ. ಗ್ರಾಮ ನಕ್ಷೆಯಲ್ಲಿ ಅದೇ ದೂರ ಹದಿನಾರು ಅಂಗುಲ. ನಮ್ಮ ಸೀಮೆಯ ಹಳೆಯ ನಕ್ಷೆಯಲ್ಲಿ ಅಂಗುಲಕ್ಕೆ ಹತ್ತು ಸರಪಳಿಯಾದ್ದರಿಂದ ನೆಲಕ್ಕೂ ನಕ್ಷೆಗೂ ಕೂದಲಷ್ಟೂ ಜಗಳವಿಲ್ಲ. ಮಿಷನ್ನಿನ ಹಾಳೆಯಲ್ಲಿ ಮಾತ್ರ ನೂರೇಳು ಅಡಿ ಜಾಸ್ತಿ. ಹುಲಿಯಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತು, ಅಂಗೈಯ ಬೊಕ್ಕೆಗಳನ್ನು ನೋಡಿಕೊಂಡು, “ಅಷ್ಟಕ್ಕೆ ಕೆಡವ್ತಾರೇನೋ?” ಎಂದಳು. ಅವಳ ದನಿಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ. ಉಗ್ರಪ್ಪ ಸರಪಳಿ ಸುತ್ತಿದ.

ಸೋಮವಾರ ಬೆಳಿಗ್ಗೆ ಅಕ್ಕತಮ್ಮ ಇಬ್ಬರೂ ಗಿರಣಿಗೆ ಬಂದರು. ರುಜು ಆಗುವವರೆಗೆ ಕದಲುವುದಿಲ್ಲವೆಂದು ಹುಲಿಯಮ್ಮ ಮೆಟ್ಟಿಲ ಬುಡದಲ್ಲಿ ಕೂತಳು. ಲೆಕ್ಕ ನೋಡುತ್ತಿದ್ದಂತೆ ಪಂಕಜಾಕ್ಷಿಯ ಮುಖ ಬಿಳಿಚಿತು. ಅಂಗುಲಕ್ಕೆ ಹತ್ತು ಸರಪಳಿಯೆಂದರೆ ನೆಲ ಕಾಗದಕ್ಕಿಂತ ಏಳು ಸಾವಿರದ ಒಂಬೈನೂರ ಇಪ್ಪತ್ತು ಪಟ್ಟು ದೊಡ್ಡದು. ಅಷ್ಟುದ್ದ ಹೇಳುವ ವ್ಯವಧಾನ ಯಾರಿಗಿದೆ? ನಮ್ಮ ಕಡೆಯ ಸರ್ವೇಯವರೆಲ್ಲ ಬಾಯಿಮಾತಿಗೆ ‘ಎಂಟು ಸಾವಿರದ ನಕ್ಷೆ’ ಎಂದೇ ಅನ್ನುತ್ತಿದ್ದರು. ಇಷ್ಟು ವರ್ಷ ಅದರಿಂದ ಯಾರ ಕೂದಲೂ ಕೊಂಕಿರಲಿಲ್ಲ, ಏಕೆಂದರೆ ಕೈಯಲ್ಲಿ ಬರೆಯುವವನು ಬಾಯಿಮಾತನ್ನು ನಂಬದೆ ಅಳತೆಪಟ್ಟಿ ಇಡುತ್ತಿದ್ದ. ಮಿಷನ್ನು ಪಾಪ, ಹೇಳಿದ್ದನ್ನು ನಂಬುವ ಜಾತಿ.

“ಸಾರ್ ಎಂಟು ಸಾವ್ರ ಹಾಕಮ್ಮ ಅಂದ್ರು, ಹಾಕ್ದೆ,” ಎಂದಳು ಪಂಕಜಾಕ್ಷಿ.

“ಎಲ್ರೂ ಅನ್ನೋದೇ ಹಂಗಲ್ವೇನಮ್ಮ,” ಎಂದ ಈರಭದ್ರಪ್ಪ, ಪ್ಲಾಟರಿನ ಕಡೆಗೆ, ದೇವರು ಕೈಕೊಟ್ಟವನ ಹಾಗೆ ನೋಡುತ್ತ.

ತಪ್ಪು ನೂರಕ್ಕೆ ಒಂದು. ಊರನ್ನು ಅಷ್ಟು ಕುಗ್ಗಿಸಿದರೆ ಸರಿ. ಪಂಕಜಾಕ್ಷಿ ಗುಂಡಿ ಒತ್ತಿದಳು. ಊರು ಕುಗ್ಗಿತು, ಕುಗ್ಗುವಾಗ ಸೇತುವೆಯೂ ಜಾಗ ಬಿಟ್ಟು ಸರಿಯಿತು. ಹಾಳೆಯ ಮೂಲೆಯಿಂದ ಕುಗ್ಗಿಸಿದ್ದಳು. “ಹಂಗಲ್ಲ ತಾಯಿ,” ಎಂದ ಉಗ್ರಪ್ಪ. “ಪಟ ನೇತಾಕಕ್ಕೆ ಮೊದ್ಲು ಮೊಳೆ ಬೇಕಲ್ವಾ? ನಾಲೆಗೂ ಊರಿಗೂ ಇರೋ ಒಂದೇ ಮೊಳೆ ಆ ಸೇತುವೆ. ಅದನ್ನ ಹಿಡ್ಕೊಂಡು ಕುಗ್ಸು. ಆಮೇಲೆ ಪರದೆ ಮೇಲೇ ಸೇತುವೆಯಿಂದ ನಮ್ಮನೆಗೆ ಅಳತೆ ಹಿಡಿದು ನೋಡು. ಹಾಳೆ ದಂಡ ಮಾಡ್ಬೇಡ.” ಹಿಡಿದು ನೋಡಿದರು. ಹತ್ತು ಸಾವಿರದ ಐನೂರ ಅರವತ್ತು. ಹದಿನಾಲ್ಕು ಮನೆಗಳೂ ನಾಲೆಯಿಂದೆದ್ದು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಉಳಿದಿದ್ದ ಹಾಳೆ ಎರಡೇ. ಮುಂದಿನ ಕಟ್ಟು ಬೆಂಗಳೂರಿನಿಂದ ಬರಲು ಒಂದು ವಾರ. ಕೆಳಗೆ ಗಿರಣಿ ಶುರುವಾದರೆ ಮೇಲೆ ಕರೆಂಟು ಕುಗ್ಗಿ ಪೆನ್ನು ತೊದಲುತ್ತದೆ. ಇವತ್ತು ಗಿರಣಿ ಹಾಕಬೇಡಯ್ಯ ಎಂದರೆ ಸಣ್ಣಬೀರಪ್ಪ, “ಭತ್ತ ಸುರಿದಾಯ್ತು ಕಣ್ರೀ,” ಎಂದ. ಹುಲಿಯಮ್ಮ ಎದ್ದು ಹೋಗಿ ಮೋಟಾರಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. “ಈಗ ಹಾಕಪ್ಪ, ನೋಡ್ತೀನಿ,” ಎಂದಳು. ಗಿರಣಿ ಶುರುವಾಗಲಿಲ್ಲ.

ಇಷ್ಟೆಲ್ಲ ಗೆದ್ದ ನಮ್ಮ ವೀರ ಆಮೇಲೆ ಮಾಡಿದ್ದು ಒಂಬತ್ತು ವರ್ಷದಿಂದ ದಿನವೂ ಮಾಡುತ್ತಿದ್ದ ಕೆಲಸ. ಹಾಳೆ ಬಿಡಿಸಿದ, ಪ್ರೀತಿಯಿಂದ ಪೌಡರ್ ಸವರಿದ, ಮಿಷನ್ನಿಗೆ ಕೊಟ್ಟ. ಪ್ಲಾಟರ್ ಹಾಳೆಯನ್ನು ಹಿಡಿಯುವುದು ಎರಡು ಪುಟ್ಟ ರಬ್ಬರ್ ಗಾಲಿಗಳಿಂದ. ಪೌಡರಿನ ಮೇಲೆ ಗಾಲಿ ಜಾರಿತು. ಅರ್ಧ ಗಂಟೆ ಚೆನ್ನಾಗಿ ನಡೆದ ಗೆರೆಗಳು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು, ರಸ್ತೆ ಹೋಗಿ ಕೆರೆಗೆ ಬಿತ್ತು, ಕೆರೆ ಹೋಗಿ ಸ್ಮಶಾನಕ್ಕೆ ಬಿತ್ತು. ಉಗ್ರಪ್ಪ ತನ್ನ ಬಿಳಿ ಕೈಗಳನ್ನು ನೋಡಿಕೊಂಡ. ಸುಡಬೇಕು ಇವನ್ನು ಎನ್ನಿಸಿರಬೇಕು. ಯಾರೂ ಅವನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಗಂಟೆ ಒಂದೂವರೆ. ಹಾಳೆ ಒಂದು. ಪಂಕಜಾಕ್ಷಿ ಗಾಲಿಗಳನ್ನು, ಹಾಳೆಯ ಎರಡೂ ಅಂಚನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಉಗ್ರಪ್ಪ ಕೈಗೆ ಸೋಪು ಹಾಕಿ ಮೂರು ಸಲ ತೊಳೆದು ಬಂದು, ಆದರೂ ಏನನ್ನೂ ಮುಟ್ಟದೆ ಕೈಕಟ್ಟಿ ನಿಂತ. ಮೊದಲು ಮನೆಗಳು, ಆಮೇಲೆ ಹೊಲಗಳ ಸರ್ವೆ ನಂಬರು, ಕೊನೆಗೆ ದಪ್ಪ ಪೆನ್ನಿನಲ್ಲಿ ನಾಲೆಯ ಎರಡು ದಂಡೆ. ದಪ್ಪ ಪೆನ್ನು ಬಂದಾಗ ಗೆರೆಯೇ ಬೀಳಲಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಯಾರೋ ಅದರ ಟೋಪಿ ತೆಗೆದಿಟ್ಟು ಶಾಯಿ ಒಣಗಿತ್ತು. ಅದು ಗಾಳಿಯಲ್ಲಿ ಬರೆಯುತ್ತ ಮುಂದೆ ಹೋಗುವ ಮೊದಲೇ ಪಂಕಜಾಕ್ಷಿ ನಿಲ್ಲಿಸಿ, ಮೂತಿಯನ್ನು ಬಿಸಿನೀರಿಗದ್ದಿ, ಬೇರೆ ಕಾಗದದ ಮೇಲೆ ಹತ್ತು ಸಲ ಗೀಚಿ ಶಾಯಿ ಇಳಿಸಿದಳು. ಮತ್ತೆ ನಡೆಯಿತು. ಬಲದಂಡೆ ಮುಗಿಯಿತು. ಎಡದಂಡೆ ಕೇರಿಯ ಹತ್ತಿರದ ತಿರುವಿಗೆ ಬಂತು.

ಮೂರೂ ಇಪ್ಪತ್ತಕ್ಕೆ ಅಜ್ಜಂಪುರಕ್ಕೆ ಅಜ್ಜಂಪುರವೇ ಕರೆಂಟು ಕಳೆದುಕೊಂಡಿತು.

ಪೆನ್ನು ಹಾಳೆಯಿಂದ ಎದ್ದು ಅಲ್ಲೇ ನಿಂತುಬಿಟ್ಟಿತು. ಈ ಮಿಷನ್ನು ಒಮ್ಮೆ ಆರಿದರೆ ತಾನು ಎಲ್ಲಿದ್ದೆನೆಂಬುದನ್ನೇ ಮರೆಯುತ್ತದೆ. ಮತ್ತೆ ಹೊತ್ತಿಸಿದರೆ ಮೊದಲಿನಿಂದ ಶುರು, ಅದಕ್ಕೆ ಹೊಸ ಹಾಳೆ ಬೇಕು. ಈರಭದ್ರಪ್ಪ ಕುರ್ಚಿಯಲ್ಲಿ ಕುಸಿದ. “ಆ ಶನಿವಾರದ ಹಾಳೆನೇ ಕೊಡೋದು, ಇನ್ನೇನ್ ಮಾಡಾದು. ತಿದ್ದುಪಡಿ ಆಮೇಲೆ ಕಳ್ಸನ,” ಎಂದ. ಆಮೇಲೆ ಕಳಿಸಿದ ತಿದ್ದುಪಡಿ ಬುಲ್ಡೋಜರಿಗಿಂತ ಮುಂಚೆ ತಲುಪಿದ ಚರಿತ್ರೆ ನಮ್ಮ ಜಿಲ್ಲೆಯಲ್ಲಿಲ್ಲ.

“ಹಾಳೆ ಬಿಚ್ಚಿ ಕೊಡಮ್ಮ,” ಎಂದ ಉಗ್ರಪ್ಪ.

ಉಳಿದಿದ್ದದ್ದು ಒಂದು ಗೇಣು ಗೆರೆ. ಅದೇ ತಿರುವು. ಆ ಗೆರೆ ಒಂದು ದಾರದಷ್ಟು ಒಳಕ್ಕೆ ವಾಲಿದರೆ ಮೊದಲ ಮನೆಯ ಗೋಡೆ ನಾಲೆಗೆ. ಶಾಯಿ ತೊಟ್ಟಿಕ್ಕಿದರೆ ಬ್ಲೇಡಿನಲ್ಲಿ ಕೆರೆಯುವ ಹಾಗಿಲ್ಲ, ಕೆರೆದ ಗೆರೆಗೆ ಸಾಹೇಬರು ರುಜು ಹಾಕುವುದಿಲ್ಲ. ಕಿಟಕಿಯ ಬೆಳಕಿಗೆ ಹಲಗೆ ತಿರುಗಿಸಿದರು. ಗೂಟಗಳ ಅಳತೆ ಪುಸ್ತಕ ನೋಡಿ ಉಗ್ರಪ್ಪ ಸೂಜಿಮೊನೆಯಲ್ಲಿ ಏಳು ಚುಕ್ಕೆ ಇಟ್ಟ, ತನ್ನ ಹಳೆಯ ಪೆನ್ನಿನ ತಿರುಪನ್ನು ಮಿಷನ್ನಿನ ಗೆರೆಯ ದಪ್ಪಕ್ಕೆ ಹೊಂದಿಸಿ ಬೇರೆ ಚೂರಿನ ಮೇಲೆ ಎಳೆದು ನೋಡಿದ, ಇನ್ನೊಮ್ಮೆ ನೋಡಿದ. ಕೆಳಗೆ ಜೀಪಿನ ಸದ್ದಾಯಿತು. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅಷ್ಟರಲ್ಲಿ ಪೆನ್ನು ಹಾಳೆಗೆ ಇಳಿದಾಗಿತ್ತು. ಇಳಿದ ಮೇಲೆ ಬ್ರಹ್ಮ ಬಂದರೂ ನಿಲ್ಲಿಸುವ ಹಾಗಿಲ್ಲ.

ಸಾಹೇಬರು ಬಾಗಿಲು ದಾಟಿ, ಟೋಪಿ ತೆಗೆದು, ಬೆವರೊರೆಸಿಕೊಳ್ಳುವ ಹೊತ್ತಿಗೆ ಗೆರೆ ಮುಗಿದಿತ್ತು. ಶಾಯಿ ಒಣಗಲೆಂದು ಈರಭದ್ರಪ್ಪ ಅವರಿಗೆ ಎರಡು ಸಲ ಕಾಫಿ ಕುಡಿಸಿದ. ಸಾಹೇಬರು ಹಾಳೆಯ ಮೇಲೆ ಬೆರಳಾಡಿಸಿ, ಬೆರಳನ್ನು ಆ ತಿರುವಿನ ಮೇಲೇ ನಿಲ್ಲಿಸಿದರು. “ಏನೇ ಹೇಳ್ರೀ ಈರಭದ್ರಪ್ಪ, ಕೈಗೆ ಈ ಗೆರೆ ಬರಲ್ಲ. ಮಿಷನ್ ಮಿಷನ್ನೇ,” ಎಂದು ರುಜು ಹಾಕಿ, ಮೊಹರು ಒತ್ತಿ, ಕೊಳವೆಯಲ್ಲಿ ಸುತ್ತಿಕೊಂಡು ಹೋದರು.

ಜೀಪು ಮರೆಯಾದದ್ದೇ ತಡ ಉಗ್ರಪ್ಪ ದಡದಡ ಇಳಿದು, ಅಕ್ಕನನ್ನೂ ದಾಟಿ, ಗಿರಣಿಯ ಹಿತ್ತಲಿಗೆ ಓಡಿದ. ಅಳುವುದಕ್ಕೆ ಮರೆ ಹುಡುಕಿ ಹೋದನೆಂದುಕೊಂಡ ಪಂಕಜಾಕ್ಷಿಯ ಕಣ್ಣು ತುಂಬಿತು. ನಡೆದದ್ದನ್ನೆಲ್ಲ ಅವಳು ಹುಲಿಯಮ್ಮನಿಗೆ ಹೇಳಿದಳು: ಕೊನೆಯ ಗೇಣು, ಬೂಟಿನ ಸದ್ದು, ನಡುಗದ ಕೈ. ಹುಲಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿತ್ತಲ ಕಡೆಯೇ ನೋಡುತ್ತ ನಿಂತಳು. ತಮ್ಮ ಬಂದ.

“ಉಗ್ರ, ಆ ಗೆರೆ ಎಳೀವಾಗ ನಿನ್ ಮನ್ಸಲ್ಲಿ ಏನಿತ್ತಪ್ಪ? ಅವ್ವ ಬಂದು ನಿಂತಿದ್ಲಾ?”

“ಇಲ್ಲ ಕಣಕ್ಕ. ಒಂದಕ್ಕೆ ಅವಸರವಾಗಿತ್ತು.”